ಟಾರ್ಪಾಲಿನ ಕೆಳಗಿನ ಓಣಿ

ಹೋದ ವರ್ಷ ಶಿವರಾತ್ರಿ ಕಳೆದ ಮರುವಾರ, ಬುಧವಾರ ಬೆಳಿಗ್ಗೆ, ಕುದೇರು ಪಕ್ಕದ ನಮ್ಮ ಊರಿನ ಮೇಲೆ ಅಳತೆಯ ಡ್ರೋನ್ ಹಾರಿತು. ಊರೊಳಗಿನ ಮನೆ, ಹಿತ್ತಿಲು, ಓಣಿಗಳನ್ನು ಮೇಲಿನಿಂದ ಚಿತ್ರ ತೆಗೆದು ನಕ್ಷೆ ಮಾಡುವುದು, ನಕ್ಷೆಯ ಪ್ರಕಾರ ಪ್ರತಿ ಮನೆಗೂ ಒಂದು ಆಸ್ತಿ ಕಾರ್ಡು ಕೊಡುವುದು ಅದರ ಉದ್ದೇಶ. ಮಧ್ಯಾಹ್ನದ ಊಟಕ್ಕೆ ಮೊದಲೇ ಹಾರಾಟ ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಓಣಿ ಮಾತ್ರ ನಕ್ಷೆಯಿಂದ ಕಾಣೆಯಾಯಿತು.

ನಾನು ಗುಂಡ್ಲುಪೇಟೆಯಲ್ಲಿದ್ದುಕೊಂಡು ಪತ್ರಿಕೆಯೊಂದಕ್ಕೆ ವರದಿ ಮಾಡುತ್ತೇನೆ. ಈರುಳ್ಳಿ ದರ, ಸಂಜೆ ಬಂಡೀಪುರದ ಗೇಟು ಮುಚ್ಚುವ ಮೊದಲು ದಾಟಲು ಅವಸರಪಡುವ ಲಾರಿಗಳು, ಹೊಲಕ್ಕೆ ಇಳಿಯುವ ಆನೆ, ಇವೇ ನನ್ನ ಸುದ್ದಿಗಳು. ಊರಿನ ಮನೆಯಲ್ಲಿ ಅಕ್ಕ ಮತ್ತು ಭಾವ ಇದ್ದಾರೆ, ಬೇಸಾಯ ಅವರದು. ಡ್ರೋನ್ ಬರುವ ಹಿಂದಿನ ದಿನ ಅಕ್ಕ ಫೋನ್ ಮಾಡಿ, "ನಾಳೆ ಬಂದೋಗ್ಲಾ. ಅವ್ರು ಏಳದ್ನ ಕೇಳುಸ್ಕಳಕೆ ಓದ್ದೋನು ಒಬ್ಬ ಇರ್ಲಿ" ಅಂದಳು. ಸುದ್ದಿಯೂ ಆಗುತ್ತದೆ ಎಂದು ಹೋದೆ.

ಅಕ್ಕ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಗೆಂದು ಹೊಸದನ್ನು ದೂರ ಇಡುವವಳೂ ಅಲ್ಲ. ಸ್ಮಾರ್ಟ್ ಫೋನ್ ಇದೆ, ಅರಿಶಿನದ ಬೆಲೆ ನೋಡುತ್ತಾಳೆ, ಮಗಳ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಾಳೆ. ಆದರೆ ಮನೆಯೊಳಗಿನ ವಿಚಾರ ಶುರುವಾದರೆ ಫೋನನ್ನು ಒಯ್ದು ರಾಗಿ ಡಬ್ಬದೊಳಗೆ ಇಟ್ಟು, ಮುಚ್ಚಳ ಹಾಕಿ ಬಂದು ಕೂರುತ್ತಾಳೆ. ಒಮ್ಮೆ ಜಗಲಿಯಲ್ಲಿ ಪಂಪಿನ ಮೋಟಾರು ಸುಟ್ಟುಹೋದ ಮಾತು ನಡೆದಿತ್ತಂತೆ. ಸಂಜೆಯೊಳಗೆ ಅವಳ ಫೋನಿನಲ್ಲಿ ಮೋಟಾರಿನ ಜಾಹೀರಾತು. ಅದೇ ಫೋನಿನಲ್ಲಿ ಭಾವ ಮೋಟಾರು ಅಂಗಡಿ ಹುಡುಕಿದ್ದರು ಎಂದು ನಾನು ವಿಚಾರಿಸಿ ತಿಳಿಸಿದೆ.

"ಉಡುಕ್ದೋರು ಅವ್ರು, ತೋರ್ಸದ್ದು ನಂಗೆ," ಅಂದಳು ಅಕ್ಕ. "ಅಂದ್ರೆ ಯಾರೋ ನೋಡ್ತಾ ಅವ್ರೆ ಅಂತ್ಲೇ ಆಯ್ತಲ್ಲ."



ಗುಂಡ್ಲುಪೇಟೆಯ ಬೀಜದ ಅಂಗಡಿಯಲ್ಲೂ ಹೀಗೆಯೇ ಆಗಿತ್ತು. ಅಕ್ಕ ಈರುಳ್ಳಿ ಬೀಜ ಕೊಂಡು ಬಿಲ್ಲಿಗೆ ನಿಂತಾಗ ಅಂಗಡಿಯವರು ಫೋನ್ ನಂಬರ್ ಕೇಳಿದರು.

"ಯಾಕಪ್ಪ ನಂಬ್ರು?"

"ಸಿಸ್ಟಮ್ ಕೇಳ್ತದೆ ಅಕ್ಕ. ನಂಬ್ರು ಆಕ್ದೆ ಬಿಲ್ ಬರಲ್ಲ."

"ಸಿಸ್ಟಮ್‌ಗೆ ಏಳು, ಬೀಜ ಮೊಳ್ಕೆ ಬರ್ನಿಲ್ಲ ಅಂದ್ರೆ ನಾನೇ ಇಲ್ಲಿಗೆ ಬತ್ತೀನಿ. ಅದು ನಂಗೆ ಫೋನ್ ಮಾಡೋ ಕಷ್ಟ ತಗಳದು ಬ್ಯಾಡ."

ಹಿಂದೆ ನಿಂತಿದ್ದವರು ನಕ್ಕರು. ಅಂಗಡಿಯವರೂ ನಕ್ಕು ತಮ್ಮದೇ ನಂಬರ್ ಹಾಕಿ ಬಿಲ್ ತೆಗೆದರು.

ನಾನು ಚಿಕ್ಕವನಿದ್ದಾಗ ಊರಿನ ಯಾವ ಸುದ್ದಿ ತಂದರೂ ಅಕ್ಕ ಮೊದಲು ಕೇಳುತ್ತಿದ್ದುದು ಒಂದೇ: "ನೀನ್ ನೋಡ್ದ್ಯಾ, ಯಾರಾದ್ರೂ ಏಳುದ್ರಾ?" ನೋಡಿದ್ದು ಬೇರೆ, ಕೇಳಿದ್ದು ಬೇರೆ ಎಂಬುದನ್ನು ಪತ್ರಿಕೆಯ ಕಚೇರಿಯಲ್ಲಿ ಕಲಿಸುವ ಹೊತ್ತಿಗೆ ನನಗೆ ಅದು ಹೊಸದಾಗಿ ಉಳಿದಿರಲಿಲ್ಲ. ಈ ಕೆಲಸದಲ್ಲಿ ಇಷ್ಟು ವರ್ಷ ನಿಂತಿದ್ದಕ್ಕೆ ಅವಳಿಗೆ ನಾನು ಋಣಿ. ಅವಳಿಗೆ ಹೇಳಿಲ್ಲ. ಹೇಳಿದರೆ ಯಾಕೆ ಹೇಳುತ್ತಿದ್ದೀಯ ಎಂದು ಅನುಮಾನಪಡುತ್ತಾಳೆ.

ಇನ್ನು ಓಣಿಯ ವಿಷಯ. ನಮ್ಮ ಮನೆ ಬೀದಿಗೆ ಇದೆ. ನಮ್ಮ ಹಿಂದೆ ಇನ್ನೊಂದು ಮನೆ. ಅಲ್ಲಿರುವವರು ವಯಸ್ಸಾದ ಒಬ್ಬ ಹೆಂಗಸು. ನಾವು ಅವರನ್ನು ಅತ್ತೆ ಎಂದು ಕರೆಯುತ್ತೇವೆ, ನೆಂಟಸ್ತಿಕೆಯಿಲ್ಲ. ಚೆಂಡು ಹೂವಿನ ಹೊಲಗಳಿಗೆ ಹೂ ಕೀಳಲು ಹೋಗುತ್ತಾರೆ. ಅವರ ಮನೆಯ ಹಿಂದಕ್ಕೆ ಕೆರೆ ಏರಿ. ಬೀದಿಗೆ ಬರಲು ಅವರಿಗಿರುವುದು ಒಂದೇ ಓಣಿ. ಅದರ ಒಂದು ಬದಿ ನಮ್ಮ ಗೋಡೆ, ಇನ್ನೊಂದು ಬದಿ ಹಳೆಯ ಗೋದಾಮಿನ ಗೋಡೆ. ಓಣಿಯ ಆ ತುದಿಯಲ್ಲಿ, ಗೋದಾಮಿಗೆ ಒರಗಿಕೊಂಡು ಅವರ ಬಚ್ಚಲು. ನಮ್ಮ ಕಡೆಯ ಹಳೆ ಮನೆಗಳ ಬಚ್ಚಲುಗಳಂತೆ ಅದಕ್ಕೂ ಚಾವಣಿ ಇರಲಿಲ್ಲ.

ಡ್ರೋನ್ ಬರುತ್ತದೆ ಎಂದು ಡಂಗುರ ಸಾರಿದಾಗ ಊರಿನ ಗಂಡಸರು ತೆರಿಗೆ ಎಷ್ಟು ಏರುತ್ತದೆ, ಜಾಗ ಯಾವ ಕಂಪನಿಗೆ ಹೋಗುತ್ತದೆ ಎಂದು ಮಾತಾಡಿಕೊಂಡರು. ಹೆಂಗಸರು ಬಚ್ಚಲ ಬಗ್ಗೆ ಮಾತಾಡಿಕೊಂಡರು. ಯಾವ ದಿನ ಎಂದು ಹೇಳಿದ್ದರು, ಯಾವ ಹೊತ್ತು ಎಂದು ಹೇಳಿರಲಿಲ್ಲ. ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಿಬಿಡುವುದು ಎಂದು ಬೀದಿಯವರೆಲ್ಲ ತೀರ್ಮಾನಿಸಿದರು. ಆದರೆ ಅತ್ತೆಯ ಮನೆಯಲ್ಲಿ ಮಗಳು ಬಾಣಂತಿ. ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆ ನೀರು ಕುದಿಸಿ, ಬಿಸಿಲು ಏರಿದ ಮೇಲೆ ನಿಧಾನವಾಗಿ ಎರೆಯಬೇಕು. ಅದನ್ನು ಬೆಳಗಿನ ಚಳಿಗೆ ತಳ್ಳುವ ಹಾಗಿಲ್ಲ, ಒಂದು ದಿನ ಬಿಡುವ ಹಾಗೂ ಇಲ್ಲ.

"ಮ್ಯಾಲಿಂದ ಯಾವನೋ ನೋಡ್ತಿರ್ಬೇಕಾದ್ರೆ ಮಗ್ಳಿಗೆ ನೀರು ಉಯ್ಯದು ಎಂಗಮ್ಮಿ?" ಎಂದು ಅತ್ತೆ ಅಕ್ಕನನ್ನು ಕೇಳಿದರು. ಅಕ್ಕ ಕಣದ ರಾಶಿ ಮುಚ್ಚುವ ನೀಲಿ ಟಾರ್ಪಾಲು ತಂದಳು. ಅದು ಬಚ್ಚಲಿಗೆ ತುಂಬ ದೊಡ್ಡದಾಯಿತು. ಕತ್ತರಿಸಲು ಮನಸ್ಸಾಗಲಿಲ್ಲ. ಬಚ್ಚಲ ಮೇಲೆ ಹಾಸಿ ಉಳಿದದ್ದನ್ನು ಓಣಿಯುದ್ದಕ್ಕೂ ಎಳೆದು, ಒಂದು ಅಂಚನ್ನು ಗೋದಾಮಿನ ಮೊಳೆಗಳಿಗೂ ಇನ್ನೊಂದನ್ನು ನಮ್ಮ ಮನೆಯ ಸೂರಿಗೂ ಬಿಗಿದು ಕಟ್ಟಿದರು. ಅಳತೆಯವರು ಎಲ್ಲೆ ಕಾಣಲೆಂದು ಹಿಂದಿನ ಸಂಜೆ ಎಳೆದಿದ್ದ ಸುಣ್ಣದ ಗೆರೆ ಅದರ ಕೆಳಗೆ ಉಳಿಯಿತು. ನಾನು ಬೆಳಿಗ್ಗೆ ಬಂದವನು ಆ ಟಾರ್ಪಾಲಿನ ನೆರಳಲ್ಲೇ ನಿಂತು ಕಾಫಿ ಕುಡಿದೆ. ಯಾರಿಗೂ ಏನೂ ಹೊಳೆಯಲಿಲ್ಲ.

ಡ್ರೋನ್ ಹಾರಿಸಲು ಬಂದವರು ಗುತ್ತಿಗೆ ಕಂಪನಿಯ ನೌಕರರು. ಮುಖ್ಯಸ್ಥ ನಡುವಯಸ್ಸಿನವನು, ಮಾತು ಉತ್ತರ ಕರ್ನಾಟಕದ್ದು. ಶಾಲೆಯ ಮೈದಾನದಲ್ಲಿ ಅಕ್ಕ ಅವನನ್ನು ವಿಚಾರಿಸಿಕೊಂಡಳು.

"ಇದು ಜನುನ್ನ ನೋಡ್ತದಾ?"

"ಇಲ್ರಿ ಅಕ್ಕಾರ. ಮನಿ, ಗ್ವಾಡಿ ಅಷ್ಟ."

"ನೋಡಲ್ಲ ಅಂದ್ರೆ ಕಾಣಲ್ಲ ಅಂತ್ಲಾ?"

ಅವನು, "ಕಾಣ್ತಾರ್ರಿ. ನಾವು ನೋಡಂಗಿಲ್ಲ," ಎಂದ. ಸುತ್ತ ನಿಂತವರು ನಕ್ಕರು.

"ಈ ಪಟ ಎಲ್ಲ ಎಲ್ಲಿಗೋಯ್ತವೆ?"

"ಸರ್ವರ್‌ಗೆ ಹೊಕ್ಕಾವ್ರಿ."

"ಅದು ಯಾವೂರು?"

"ಖರೆ ಹೇಳ್ಬೇಕಂದ್ರ ನನಗೂ ಗೊತ್ತಿಲ್ರಿ."

ಮನೆಗೆ ಬರುವಾಗ ಅಕ್ಕ, "ಗೊತ್ತಿಲ್ಲ ಅಂದ್ನಲ್ಲ, ಆವಯ್ಯ ಪರವಾಗಿಲ್ಲ ಬುಡು," ಅಂದಳು. ಹಾರಾಟ ಮುಗಿದ ಮೇಲೆ ಅವನು ತೆರೆಯ ಮೇಲೆ ಊರನ್ನು ತೋರಿಸಿದ್ದ. ಬೇಕಾದವರೆಲ್ಲ ಬಗ್ಗಿ ನೋಡಿದರು, ತಮ್ಮ ಹೆಂಚು ಗುರುತಿಸಿ ಖುಷಿಪಟ್ಟರು. ನಮ್ಮ ಮನೆಯ ಪಕ್ಕ ನೀಲಿಯ ಒಂದು ಪಟ್ಟಿ ಕಂಡಿತ್ತು. ಬಾಣಂತಿ ಕಾಣುತ್ತಿಲ್ಲ ಎಂಬ ಸಮಾಧಾನದಲ್ಲಿ ಅದನ್ನು ಅಷ್ಟಕ್ಕೇ ಬಿಟ್ಟೆವು.

ಕರಡು ನಕ್ಷೆ ಮಳೆಗಾಲದಲ್ಲಿ ಬಂತು. ಪಂಚಾಯ್ತಿ ಕಚೇರಿಯ ಗೋಡೆಗೆ ಅಂಟಿಸಿ, ತಕರಾರು ಇದ್ದವರು ಹೇಳಬಹುದು ಎಂದರು. ಕೆಲವರು ಹೋಗಿ ನೋಡಿದರು, ಹೆಚ್ಚಿನವರು ಹೋಗಲಿಲ್ಲ. ಅಕ್ಕ ಹೋದಳು. ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿದ್ದ ನನಗೆ ಅಲ್ಲಿಂದಲೇ ಫೋನ್ ಬಂತು.

"ಓಣಿ ಇಲ್ಲ ಕಣ್ಲಾ."

"ಯಾವ ಓಣಿ?"

"ಅತ್ತೆವ್ರ ಓಣಿ. ನಮ್ಮನೆ ದಪ್ಪ ಆಗ್ಬುಟ್ಟದೆ."

ಮರುದಿನ ಹೋಗಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಟಾರ್ಪಾಲು ನಮ್ಮ ಸೂರಿಗೆ ಅಂಟಿಕೊಂಡೇ ಇದ್ದುದರಿಂದ ಮೇಲಿನ ಚಿತ್ರದಲ್ಲಿ ಅದೂ ನಮ್ಮ ಚಾವಣಿಯೇ ಆಗಿತ್ತು. ಕರಡಿನಲ್ಲಿ ನಮ್ಮ ಮನೆ ಗೋದಾಮಿನ ಗೋಡೆಯವರೆಗೆ ಬೆಳೆದಿತ್ತು. ಅತ್ತೆಯ ಮನೆ ಹಿಂದೆ ಇತ್ತು, ಅಲ್ಲಿಗೆ ದಾರಿ ಇರಲಿಲ್ಲ. ಕಾರ್ಡು ಹೀಗೆಯೇ ಬಂದರೆ ಓಣಿ ಕಾಗದದಲ್ಲಿ ನಮ್ಮದು. ನಾವಿರುವವರೆಗೆ ತೊಂದರೆ ಇಲ್ಲ. ಮುಂದೆ ಯಾರಾದರೂ ನಮ್ಮ ಮನೆ ಕೊಂಡು ಅಲ್ಲಿ ಗೋಡೆ ಎತ್ತಿದರೆ ಅತ್ತೆಯಾಗಲಿ ಅವರ ಮಗಳಾಗಲಿ ಕೆರೆ ಏರಿ ಹತ್ತಿ ಮನೆಗೆ ಹೋಗಬೇಕು.

ಸಂಜೆ ಜಗಲಿಯಲ್ಲಿ ಕೂತೆವು. ಅಕ್ಕ ಮೊದಲು ಫೋನನ್ನು ರಾಗಿ ಡಬ್ಬಕ್ಕೆ ಸೇರಿಸಿ ಬಂದಳು. ಭಾವ ಕೆಟ್ಟವರಲ್ಲ. ಬೈಕ್ ನಿಲ್ಲಿಸಲು ಜಾಗ ಇಲ್ಲ ಎಂದು ಬಹಳ ದಿನದಿಂದ ಹೇಳುತ್ತಿದ್ದರು.

"ನಾವೇನ್ ಕಿತ್ಕಂಡ್ವಾ? ಸರ್ಕಾರ್ವೇ ಬರ್ಕೊಟ್ಟದೆ. ಅತ್ತೆ ಓಡಾಡ್ಕಳ್ಳಿ, ಬ್ಯಾಡ ಅಂದೋರ್ಯಾರು?"

"ಅಂಗಾದ್ರೆ ನಾಳಿಂದ ಆವಮ್ಮ ನಿಮ್ಮನ್ನ ಕೇಳ್ಕಂಡು ಓಡಾಡ್ಬೇಕಾ?"

"ನಾನೆಲ್ಲಿ ಅಂಗಂದೆ?"

"ನೀವನ್ನಿಲ್ಲ, ಕಾಗ್ದ ಅಂತದೆ." ಅಕ್ಕ ಅವರ ಕಡೆ ತಿರುಗಿ ಕೂತಳು. "ನೋಡಿ, ಅದು ತಪ್ಪಾಗಿ ಕೊಟ್ಟದ್ದ ಸುಮ್ಗೆ ಇಸ್ಕಂಡ್ರೆ, ನಾಳೆ ನಮ್ದ ತಪ್ಪಾಗಿ ಕಿತ್ಕತ್ತದಲ್ಲ, ಅವತ್ತು ಯಾವ್ ಬಾಯಲ್ ಕೇಳನ?"

ಭಾವ ನನ್ನ ಕಡೆ ನೋಡಿದರು. ಅವರು ಟವೆಲ್ ಒದರಿ ಹೆಗಲ ಮೇಲೆ ಹಾಕಿಕೊಂಡು, "ಆಯ್ತು, ಬೈಕು ಬೀದೀಲೇ ನೆನೀಲಿ," ಎಂದು ಒಳಗೆ ಹೋದರು.

ಅತ್ತೆಗೆ ವಿಷಯ ತಿಳಿಸುವುದೇ ಕಷ್ಟವಾಯಿತು. "ಓಣಿ ಎಲ್ಲಿಗೋಯ್ತದಮ್ಮಿ? ಇಲ್ಲೇ ಅದಲ್ಲ. ಈಗ ತಾನೆ ನಡ್ಕಬಂದೆ," ಎಂದರು. ಅಕ್ಕ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದ ಮೇಲೆ ಅವರಿಗೆ ಅರ್ಥವಾಯಿತು. ಆಮೇಲೆ, "ಮಗ್ಳಿಗೆ ನೀರು ಉಯ್ದಿದ್ಕಾ ಇದು?" ಎಂದು ಕೇಳಿದರು.

"ಅಲ್ಲ ಅತ್ತೆ. ನನ್ ಟಾರ್ಪಾಲು ಉದ್ದ ಆದುದ್ಕೆ," ಅಂದಳು ಅಕ್ಕ.

ತಕರಾರು ಕೊಡಲು ತಾಲ್ಲೂಕಿನ ಸರ್ವೆ ಕಚೇರಿಗೆ ನಾನೂ ಜೊತೆಗೆ ಹೋದೆ. ಕೌಂಟರಿನಲ್ಲಿದ್ದವರು ಜಾಗ ಕಡಿಮೆ ಬಂದಿದೆ ಎಂಬ ದೂರು ಕೇಳಿ ಕೇಳಿ ಸುಸ್ತಾಗಿದ್ದರು.

"ಎಷ್ಟು ಕಮ್ಮಿ ಬಂದದೆ ಅಮ್ಮ?"

"ಕಮ್ಮಿ ಅಲ್ಲ, ಜಾಸ್ತಿ ಬಂದದೆ."

ಅವರು ತಲೆ ಎತ್ತಿದರು. "ಜಾಸ್ತಿ ಬಂದದೆ ಅಂತ ತಕರಾರಾ?"

"ತಕ್ರಾರು ಏನಿಲ್ಲ. ತಗಂಡೋಗಿ ಅಂತ ಏಳಕೆ ಬಂದೆ."

ಪಕ್ಕದಲ್ಲಿದ್ದ ಸರ್ವೆಯರ್ ಎದ್ದು ಬಂದು ನಕ್ಷೆ ನೋಡಿದರು. ಅಕ್ಕ ಟಾರ್ಪಾಲಿನ ಕತೆ ಹೇಳಿದಳು. ಬಾಣಂತಿಯ ವಿಷಯ ಬಂದಾಗ ಅವರು ನಗಲಿಲ್ಲ. "ನಾವು ಹೊತ್ತು ಹೇಳಬೇಕಿತ್ತು," ಎಂದಷ್ಟೇ ಅಂದರು. ಡ್ರೋನ್ ಮತ್ತೆ ಬರುವುದಿಲ್ಲ, ತಾವೇ ಬಂದು ಟೇಪಿನಲ್ಲಿ ಅಳೆಯುತ್ತೇವೆ ಎಂದರು. ಸರ್ವೆಯರ್ ಬರುವುದಿಲ್ಲ ಎಂದು ಬಸ್ಸಿನಲ್ಲಿ ಅಕ್ಕ ನನಗೆ ಹೇಳಿದಳು. ಅವರು ಬಂದರು. ಮಳೆ ಹನಿಯುತ್ತಿತ್ತು. ಟೇಪಿನ ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟು, ಇನ್ನೊಂದನ್ನು ಭಾವನಿಂದ ಹಿಡಿಸಿ, ಓಣಿಯನ್ನು ಬೀದಿಯಿಂದ ಬಚ್ಚಲವರೆಗೆ ಅಳೆದರು. ಬಗ್ಗಿ ಬರೆದುಕೊಂಡು, ಒಂದು ಲೋಟ ಟೀ ಕುಡಿದು ಹೋದರು.

ಇಂಥ ಕೆಲಸ ಸುದ್ದಿಯಾಗುವುದಿಲ್ಲ. ನನ್ನ ಬ್ಯೂರೋಗೆ ಫೋನ್ ಮಾಡಿ ಸರ್ವೆಯರ್ ಒಬ್ಬರು ಹೇಳಿದಂತೆ ಬಂದು ಅಳೆದರು ಎಂದರೆ, ಆಮೇಲೆ ಏನಾಯಿತು ಎಂದು ಕೇಳುತ್ತಾರೆ. ಮಳೆಯಲ್ಲಿ ಬಗ್ಗಿ ಬರೆದುಕೊಂಡ ಆ ಮನುಷ್ಯನಿಗೂ, ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಡ್ರೋನಿನವನಿಗೂ ಇಲ್ಲಿಂದಲೇ ನನ್ನ ವಂದನೆ. ಅಕ್ಕನ, ಊರಿನವರ ಅನುಮಾನಗಳು ನಿಜವಾಗಲಿಲ್ಲ. ಬಾಣಂತಿಯನ್ನು ಯಾರೂ ನೋಡಲಿಲ್ಲ, ತೆರಿಗೆ ಏರಲಿಲ್ಲ, ಜಾಗ ಯಾವ ಕಂಪನಿಗೂ ಹೋಗಲಿಲ್ಲ. ಓಣಿ ಕಳೆದದ್ದು ಅವಳು ನಂಬದೆ ಟಾರ್ಪಾಲು ಕಟ್ಟಿದ್ದರಿಂದ, ಸಿಕ್ಕಿದ್ದು ಅವಳು ನಂಬದೆ ಗೋಡೆಯ ಮೇಲಿನ ನಕ್ಷೆ ನೋಡಲು ಹೋದದ್ದರಿಂದ.

ಇದನ್ನು ಬರೆಯುತ್ತೇನೆ ಎಂದಾಗ ಅವಳು, "ಬರ್ಕ. ನನ್ ಎಸ್ರು ಆಕ್ಬ್ಯಾಡ, ಅತ್ತೆದೂ ಆಕ್ಬ್ಯಾಡ. ಆಕುದ್ರೆ ಯಾರ್ಯಾರೋ ಫೋನ್ ಮಾಡ್ತರೆ," ಅಂದಳು. ಹಾಕಿಲ್ಲ.

ತಿದ್ದಿದ ನಕ್ಷೆಯಲ್ಲಿ ಓಣಿ ಇದೆ. ನಾನು ನೋಡಿದ್ದೇನೆ. ಅತ್ತೆಯ ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಹೋಗಿದ್ದಾಳೆ. ಬಚ್ಚಲಿಗೆ ಶೀಟು ಹಾಕಿಸಿದ್ದಾರೆ, ಟಾರ್ಪಾಲು ವಾಪಸ್ ಕಣಕ್ಕೆ ಹೋಗಿದೆ. ಕಳೆದ ಭಾನುವಾರ ನಾನು ಊರಿಗೆ ಹೋದಾಗ ಅತ್ತೆ ಹೂ ಕೀಳುವ ಚೀಲ ಹೆಗಲಿಗೆ ಹಾಕಿಕೊಂಡು ಓಣಿಯಿಂದ ಬೀದಿಗೆ ಬರುತ್ತಿದ್ದರು. ಆಸ್ತಿ ಕಾರ್ಡು ಇನ್ನೂ ಬಂದಿಲ್ಲ.