ತೊಂಬತ್ತೊಂಬತ್ತು ಡಿಗ್ರಿಯ ಯಜಮಾನರು

ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ಯಜಮಾನರಿಗೂ ಜ್ವರ ಬಂತು. ರಾಜಾಜಿನಗರದ ನಮ್ಮ ಬೀದಿಗೆ ಈ ಹೊಸ ಫ್ಲೂ ಕಾಲಿಟ್ಟು ಮೂರು ವಾರವಾಯಿತು. ಊರೆಲ್ಲ ಕೆಮ್ಮುವಾಗ ಅವರೊಬ್ಬರೇ ಹಿಂದುಳಿಯುವುದುಂಟೇ? ಬಿನ್ನಿಪೇಟೆಯ ಕಚೇರಿಗೆ ರಜೆ ಹೇಳಿಕಳಿಸಿ, ಎರಡು ಕಂಬಳಿ ಹೊದ್ದು, "ಅಮ್ಮಾ, ನಾನಿನ್ನು ಉಳಿಯಲ್ಲ" ಎಂದು ನರಳಿದರು. ಅತ್ತೆ ಮಂಚದ ಪಕ್ಕದಿಂದ ಕದಲಲಿಲ್ಲ. ನನಗೆ ನಿನ್ನೆಯಿಂದಲೇ ಮೈ ಸುಡುತ್ತಿತ್ತು. ಆದರೆ ಕಷಾಯ ಕಾಯಿಸಲು, ಮಕ್ಕಳಿಗೆ ಊಟ ಹಾಕಲು ಮನೆಯಲ್ಲಿ ಒಬ್ಬರಾದರೂ ಆರೋಗ್ಯವಂತರು ಬೇಕಲ್ಲ, ಅದಕ್ಕೆ ನನ್ನನ್ನೇ ಆರಿಸಿದ್ದರು.

ಹತ್ತು ಗಂಟೆಗೆ ಪಕ್ಕದ ಮನೆಯ ಕಾಂಪೌಂಡರ್ ಥರ್ಮಾಮೀಟರ್ ತಂದರು. ಯಜಮಾನರಿಗೆ ತೊಂಬತ್ತೊಂಬತ್ತು. ಕಷಾಯ ತಂದುಕೊಟ್ಟ ನನ್ನ ಕೆಂಪೇರಿದ ಕಣ್ಣು ಕಂಡು ಕಾಂಪೌಂಡರ್, "ನೀವೂ ಒಂದ್ಸಲ ಇಟ್ಕೊಳಿ, ನೋಡೋಣ" ಎಂದರು. ನನಗೆ ನೂರಮೂರು.

"ಅಷ್ಟೊತ್ತಿಂದ ಒಲೆ ಮುಂದೆ ಕೂತಿದ್ಲಲ್ಲ, ಅದರ ಕಾವು" ಎಂದರು ಅತ್ತೆ.

"ಅಮ್ಮಾ, ಒಲೆ ಕಾವು ನಾಲಿಗೆ ಕೆಳಗೆ ಹೋಗಿ ಕೂರಲ್ಲ. ಇವರು ಮಲಗ್ಬೇಕು, ಅವರು ಏಳ್ಬೇಕು" ಎಂದರು ಕಾಂಪೌಂಡರ್.

ಯಜಮಾನರು ಎದ್ದರು, ನಾನು ಮಲಗಿದೆ. ಅಡುಗೆಮನೆಯಲ್ಲಿ ಒಂದು ಗಂಟೆ ಪಾತ್ರೆಗಳು ಬಿದ್ದವು. ಕೊನೆಗೆ ತಳ ಹಿಡಿದ ಗಂಜಿ ಬಂತು.

"ಉಪ್ಪು ಹಾಕಿಲ್ವಾ?" ಎಂದೆ.

"ಹಾಕಿದೀನಿ ಕಣೇ. ಜ್ವರದ ಬಾಯಿ ನಿಂದು, ರುಚಿ ಗೊತ್ತಾಗ್ತಿಲ್ಲ ಅಷ್ಟೇ."

ಹನ್ನೊಂದು ವರ್ಷದಿಂದ ಅವರು ನನ್ನ ಸಾರಿನಲ್ಲಿ ತಪ್ಪು ಹುಡುಕುವಾಗೆಲ್ಲ ಇಷ್ಟು ಚೆಂದದ ಉತ್ತರ ನನಗೊಮ್ಮೆಯೂ ಹೊಳೆಯಲಿಲ್ಲವಲ್ಲ!