ಸುಣ್ಣದಡಿಯ ಮೂವತ್ತೆರಡು ಅಂಕಿ

ನನ್ನ ಗಂಡ ಇಪ್ಪತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ಮುದಗಲ್ಲಿನಿಂದ ಲಿಂಗಸುಗೂರು, ಮಸ್ಕಿ ಹಾದು ಸಿಂಧನೂರಿಗೆ. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ರಸ್ತೆಯಾಚೆ ಚಹಾ ಕುಡಿಯುತ್ತಿದ್ದವರೂ ಲೋಟ ಇಟ್ಟು ಓಡಿ ಬರುತ್ತಿದ್ದರು. ಆ ದನಿಯನ್ನು ಡಾಕ್ಟರರು ಗಂಟಲಿನ ಗಡ್ಡೆಯ ಜೊತೆ ತೆಗೆದುಹಾಕಿದರು. ಆಮೇಲೆ ಉಳಿದದ್ದು ಬಸ್ಸಿನ ಗಂಟೆಯ ಭಾಷೆ: ಮೇಜಿಗೆ ಎರಡು ಸಲ ಬಡಿದರೆ ಹೊರಡು, ಒಂದು ಸಲ ಬಡಿದರೆ ನಿಲ್ಲು. ಊಟದಲ್ಲೂ ಹೀಗೇ. ಎರಡು ಬಡಿತಕ್ಕೆ ಇನ್ನೊಂದು ಸೌಟು ಸಾರು, ಒಂದಕ್ಕೆ ಸಾಕು.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಆಪರೇಷನ್ನಿಗೆ ಮುಂಚೆ ಹತ್ತು ದಿನ ಅವರನ್ನು ಕೂಡಿಸಿಕೊಂಡು ಮಾತಾಡಿಸಿ ದನಿ ಹಿಡಿದಿಟ್ಟೆ. "ಮಸ್ಕಿ ಯಾರ್ ಇಳಿಯೋರು, ಲಗೂನ ಬರ್ರೀ! ಏ ಯಕ್ಕಾ, ಕೋಳಿಗೂ ಟಿಕೇಟ್ ತಗೀಬೇಕು" ಎಂದು ನಡುನಡುವೆ ಅವರ ತಮಾಷೆ. ಆ ದನಿಯಿಂದ ಒಂದು ಪೆಟ್ಟಿಗೆ ಮಾಡಿದೆ. ಒಳಗೆ ಒಂದು ಸಣ್ಣ ಕಂಪ್ಯೂಟರ್, ಪಕ್ಕದಲ್ಲಿ ಅವರ ದನಿಯನ್ನು ಒಳಗಿಟ್ಟುಕೊಂಡು ಭಾರೀ ಲೆಕ್ಕಗಳನ್ನು ಸರಸರ ಮಾಡುವ ಒಂದು ಕಾರ್ಡು. ಅವರು ಬರೆದದ್ದನ್ನು ಕಂಪ್ಯೂಟರ್ ಕಾರ್ಡಿಗೆ ಕೊಡುತ್ತದೆ, ಕಾರ್ಡು ಅದನ್ನು ಅವರದೇ ದನಿಯಲ್ಲಿ ನುಡಿಯುತ್ತದೆ. ಮೊದಲ ದಿನ ಅದು ನುಡಿದದ್ದು, "ನೀ ಯಾಕ ಅಳಾಕತ್ತಿ?" ಎಂದು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕಾಲೇಜಿನ ಒಬ್ಬ ಮೇಡಮ್ಮಿಗೆ ಕಳ್ಳರು ಅವರ ಮಗನ ದನಿಯನ್ನೇ ನಕಲು ಮಾಡಿ, ದುಡ್ಡು ಕೇಳಿ ಫೋನ್ ಮಾಡಿದ್ದರು. ಅದನ್ನು ಕೇಳಿ ನನಗೆ ಹೆದರಿಕೆ ಹತ್ತಿತು. ಕಂಪ್ಯೂಟರಿಗೂ ಕಾರ್ಡಿಗೂ ನಡುವೆ ಓಡಾಡುವ ಪ್ರತಿಯೊಂದನ್ನೂ ಗೂಢಲಿಪಿಯಲ್ಲಿ ಮುಚ್ಚಿದೆ. ಎರಡಕ್ಕೂ ಹೊಂದುವ ಗುಪ್ತ ಕೀಲಿ ಇಟ್ಟೆ. ಕೀಲಿ ಇಲ್ಲದ ಯಂತ್ರದ ಜೊತೆ ಕಾರ್ಡು ಬಾಯಿ ಬಿಡುವುದಿಲ್ಲ. ಕಂಪ್ಯೂಟರ್ ಕೆಟ್ಟರೆ ಹೊಸದನ್ನು ಅದಕ್ಕೆ ಪರಿಚಯಿಸಲು ಮೂವತ್ತೆರಡು ಅಂಕಿಯ ಒಂದು ಸಂಖ್ಯೆ. ಹತ್ತು ಸಲ ತಪ್ಪಿದರೆ ಕಾರ್ಡು ಒಳಗಿನದನ್ನೆಲ್ಲ ಅಳಿಸಿಬಿಡಲಿ ಎಂದು ಹಾಕಿದವಳೂ ನಾನೇ. ಫೋನು, ಲ್ಯಾಪ್‌ಟಾಪಿನಲ್ಲಿದ್ದ ರೆಕಾರ್ಡಿಂಗುಗಳನ್ನೂ ಅಳಿಸಿದೆ. ಮದುವೆಯ ವಿಡಿಯೋ ಒಂದಿದೆ, ಅದರಲ್ಲಿ ಅವರು ಬಾಯಿ ತೆರೆದದ್ದು ಊಟಕ್ಕೆ ಮಾತ್ರ.

ಸಂಖ್ಯೆಯನ್ನು ಕಾಗದದಲ್ಲಿ ಬರೆಯಬೇಡಿ, ಫೋನಿನಲ್ಲಿಡಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವಳು ನಾನು. ಮಸ್ಕಿಯಲ್ಲಿ ನಾವಿರುವ ಹಳೇ ಮನೆಯಲ್ಲಿ ಬೇಕಾದದ್ದೆಲ್ಲ ಅಡುಗೆಮನೆಯ ಗೋಡೆಯ ಮೇಲಿರುತ್ತದೆ: ಗ್ಯಾಸ್ ಬಂದ ದಿನ, ಎಮ್ಮೆಗೆ ಸೂಜಿ ಹಾಕಿಸಿದ ತಾರೀಖು, ಆಟೋದವನ ನಂಬರು. ಅವುಗಳ ನಡುವೆ ಪೆನ್ಸಿಲಿನಲ್ಲಿ ನಾಲ್ಕು ನಾಲ್ಕಾಗಿ ಎಂಟು ಸಾಲು ಬರೆದೆ. ಏನೆಂದು ಅವರಿಗೂ ಹೇಳಲಿಲ್ಲ. ಗುಟ್ಟು ಒಬ್ಬರಲ್ಲೇ ಇರಲಿ ಎಂದು. ದನಿಯೇ ಇಲ್ಲದ ಮನುಷ್ಯನ ಮೇಲೆ ನನ್ನ ಅನುಮಾನ ನೋಡಿ.

ಹೋದ ವರ್ಷ ನವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ಕಾರ್ಡು ಉಳಿಯಿತು. "ಚಿಂತಿ ಮಾಡಬ್ಯಾಡ್ರಿ, ಹೊಸಾದು ಬಂದ ಕೂಡ್ಲೆ ಮಾತಾಡ್ತೀರಿ" ಎಂದೆ. ಹೊಸದು ಬರಲು ಎರಡು ವಾರ ಹಿಡಿಯಿತು. ಶನಿವಾರ ಅದನ್ನು ಚೀಲದಲ್ಲಿಟ್ಟುಕೊಂಡು ಮಸ್ಕಿಯಲ್ಲಿ ಇಳಿದು ಮನೆಗೆ ಬಂದರೆ ಹಸಿ ಸುಣ್ಣದ ವಾಸನೆ. ಅವರು ಬಾಗಿಲಲ್ಲೇ ನಿಂತಿದ್ದರು, ಮೀಸೆಯೆಲ್ಲ ಬಿಳಿ. ಕೈಯಲ್ಲಿದ್ದ ಪಾಟಿಯಲ್ಲಿ ಬರೆದಿದ್ದರು: "ಹಬ್ಬಕ್ಕ ಅಡಗಿಮನಿಗೆ ಸುಣ್ಣ ಹಚ್ಚೀನಿ. ಗ್ವಾಡಿ ಹೆಂಗ ಕಾಣ್ತೈತಿ?"

ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಹೆಗಲಿನ ಚೀಲವನ್ನೂ ಇಳಿಸದೆ ಆ ಎಂಟು ಸಾಲು ಇದ್ದ ಜಾಗ ಹುಡುಕತೊಡಗಿದೆ.

ವಿಷಯ ಹೇಳಿದಾಗ ಅವರು ಪಾಟಿಯನ್ನು ಅಂಗಳಕ್ಕೆ ಎಸೆದರು. ಸಿಟ್ಟು ನನ್ನ ಮೇಲೋ ತಮ್ಮ ಮೇಲೋ, ಕೇಳುವ ಧೈರ್ಯ ಆಗಲಿಲ್ಲ. ಆಮೇಲೆ ಇಬ್ಬರೂ ಒದ್ದೆ ಅರಿವೆ ಹಿಡಿದು ಸುಣ್ಣ ಒರೆಸಿದೆವು. ಸುಣ್ಣದ ಜೊತೆ ಪೆನ್ಸಿಲಿನ ಗುರುತೂ ಬರತೊಡಗಿತು, ಹಾಗಾಗಿ ಉಗುರಿನಿಂದ ಮೆಲ್ಲಗೆ ಕೆರೆದೆವು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೂವತ್ತು ಅಂಕಿ ಸಿಕ್ಕವು. ಕೊನೆಯ ಎರಡು ಇದ್ದ ಜಾಗದಲ್ಲಿ ಗಾರೆಯೇ ಉದುರಿತ್ತು. ಎರಡೇ ತಾನೇ ಎನ್ನುವಂತೆ ಅವರು ಎರಡು ಬೆರಳೆತ್ತಿ ತೋರಿಸಿದರು. ಆ ಮುಖದಲ್ಲಿದ್ದ ಆಸೆ ನೋಡಿ ನನಗೆ ಸಂಕಟವಾಯಿತು. ಎರಡು ಅಂಕಿಗೆ ನೂರು ಜೋಡಿ, ನಮಗಿದ್ದದ್ದು ಹತ್ತು ಅವಕಾಶ.

ನೆನಪಿಗೆ ಬಂದದ್ದನ್ನೆಲ್ಲ ಹಾಕಿದೆ. ಕೊನೆಯದು ಎಂಟಲ್ಲವೇ, ಇಲ್ಲ, ಮೂರು. ಒಂಬತ್ತು ಸಲವೂ ಕಾರ್ಡು ಒಲ್ಲೆ ಎಂದಿತು. ಅದಕ್ಕೆ ಬೈದೆ, ಕೈ ಮುಗಿದೆ. ಅದರ ತಪ್ಪೇನು, ನಾನು ಹೇಳಿಕೊಟ್ಟದ್ದನ್ನೇ ಮಾಡುತ್ತಿತ್ತು.

"ಒಂದು ಉಳದೈತ್ರಿ. ಮುಟ್ಟೋದು ಬ್ಯಾಡ, ಇರ್ಲಿ ಬಿಡ್ರಿ" ಎಂದೆ. ಮುಟ್ಟದಿದ್ದರೆ ಆ ದನಿ ಒಳಗಾದರೂ ಇರುತ್ತದಲ್ಲ ಎಂಬ ಹುಚ್ಚು ಆಸೆ. ಬೇರೆ ಯಾರಾದರೂ ತೆಗೆದಾರೇ ಎನ್ನುವ ಹಾಗೂ ಇರಲಿಲ್ಲ. ಯಾರೂ ತೆಗೆಯಲಾಗದ ಹಾಗೆ ಕಟ್ಟುವುದೇ ನಾನು ಕಲಿತ ವಿದ್ಯೆ. ಅವರು ಪೆಟ್ಟಿಗೆಯನ್ನು ನನ್ನ ಕಡೆಗೆ ಸರಿಸಿದರು. ಆಮೇಲೆ ಮೇಜಿಗೆ ಎರಡು ಸಲ ಬಡಿದರು.

ನಾನು ಒಲ್ಲೆ ಎಂದು ತಲೆಯಾಡಿಸಿದೆ. ಮತ್ತೆ ಎರಡು ಸಲ, ಜೋರಾಗಿ.

"ಹಂಗಾರ ನೀವ ಹೇಳ್ರಿ" ಎಂದೆ. ಅವರು ನಾಲ್ಕು ಬೆರಳು ತೋರಿಸಿದರು, ಆಮೇಲೆ ಒಂದು. ಒತ್ತಿದೆ. ಪರದೆಯ ಮೇಲೆ ಬಂತು: ಎಲ್ಲವನ್ನೂ ಅಳಿಸಲಾಗಿದೆ. ಆ ವಾಕ್ಯವನ್ನೂ ನಾನೇ ಬರೆದದ್ದು, ಅವರಿಗೆ ತಿಳಿಯಲಿ ಎಂದು ಕನ್ನಡದಲ್ಲಿ.

ನಾನು ಎದ್ದು ಹೋಗಿ ಗಾರೆ ಉದುರಿದ ಜಾಗವನ್ನು ಮತ್ತೆ ಕೆರೆಯತೊಡಗಿದೆ. ಅಲ್ಲಿ ಏನೂ ಇಲ್ಲವೆಂದು ಗೊತ್ತಿತ್ತು, ಸಿಕ್ಕಿದರೂ ಉಪಯೋಗವಿಲ್ಲವೆಂದೂ ಗೊತ್ತಿತ್ತು. ಉಗುರಿನಿಂದ ರಕ್ತ ಬಂದರೂ ಬಿಡಲಿಲ್ಲ. ಅವರು ಹಿಂದಿನಿಂದ ಬಂದು ನನ್ನ ಕೈ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಗೋಡೆಗೆ ಒಂದೇ ಒಂದು ಸಲ ಬಡಿದರು.