ಕಂಬದ ಮರೆಯ ತುಣುಕು

ಗೋಕಾಕದ ನನ್ನ ಸ್ಟುಡಿಯೋದಲ್ಲಿ ಮೊದಲು ಒಂದು ಬೆಂಚು ಇತ್ತು. ಮದುವೆ ವಿಡಿಯೋ ನೋಡಿ ಒಪ್ಪಿಗೆ ಕೊಡಲು ಮೂಡಲಗಿಯಿಂದ, ಹುಕ್ಕೇರಿಯಿಂದ ಬಂದವರು ನನ್ನ ಬೆನ್ನ ಹಿಂದೆ ಕೂತು, ನನ್ನ ಖರ್ಚಿನಲ್ಲೇ ಚಹಾ ಕುಡಿದು, ಇದನ್ನು ತೆಗೆ, ಅದನ್ನು ಇಡು ಎನ್ನುತ್ತಿದ್ದರು. ಟೋಪಿ, ಟಾವೆಲ್, ತೆಂಗಿನಕಾಯಿ ಕೊಡಿಸಿಕೊಂಡು ಸತ್ಕಾರವಾದ ಪ್ರತಿಯೊಬ್ಬ ಬೀಗರಿಗೂ ತಮ್ಮ ಮುಖ ಇನ್ನಷ್ಟು ಹೊತ್ತು ಕಾಣಬೇಕು. ನನ್ನ ಕಂಪ್ಯೂಟರೋ ಅಷ್ಟು ದೊಡ್ಡ ಫೈಲುಗಳನ್ನು ಹೊತ್ತು ಏದುಸಿರು ಬಿಡುತ್ತಿತ್ತು. ನಡುವೆ ಕರೆಂಟು ಹೋದರೆ ಅವತ್ತಿನ ಕೆಲಸ ನೀರಿನಲ್ಲಿ ಹೋಮ.

ಒಂದು ದಿನ ಅದು ಪೂರ್ತಿ ಕೆಟ್ಟಿತು. ಹೊಸದು ಕೊಳ್ಳುವ ಬದಲು ಇಂಟರ್ನೆಟ್ಟಿನಲ್ಲೇ ಎಡಿಟ್ ಮಾಡುವ ಪದ್ಧತಿಗೆ ಬಂದೆ. ಚಿತ್ರೀಕರಿಸಿದ್ದೆಲ್ಲ ಎಲ್ಲೋ ದೂರದ ಸರ್ವರಿನಲ್ಲಿ ಇರುತ್ತದೆ. ಬ್ರೌಸರ್ ತೆರೆದು ಇಲ್ಲಿಂದಲೇ ಕತ್ತರಿಸುವುದು, ಜೋಡಿಸುವುದು. ನೆಟ್‌ವರ್ಕ್ ಕೈಕೊಟ್ಟ ದಿನ ಧುಪದಾಳದ ಒಡ್ಡಿನ ಕಡೆ ಸುತ್ತಾಡಿ ಬರುತ್ತೇನೆ. ಗಿರಾಕಿಗೆ ಲಿಂಕ್ ಕಳಿಸಿದರೆ ಅವರೂ ತಮ್ಮ ಮೊಬೈಲಿನಲ್ಲಿ ಅದೇ ಕೆಲಸ ಮಾಡಬಹುದು. ಬರೀ ನೋಡುವ ಅನುಮತಿ ಕೊಟ್ಟರೆ ದಿನವಿಡೀ ಫೋನ್ ಬರುತ್ತದೆಂದು ನಾನು ತಿದ್ದುವ ಅನುಮತಿಯನ್ನೂ ಕೊಟ್ಟುಬಿಡುತ್ತಿದ್ದೆ. ತಮ್ಮ ಮುಖ ತಾವೇ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳಲಿ ಎಂದು ಬೆಂಚನ್ನು ಹೊರಗೆ ಹಾಕಿದೆ. ಮಾಡಿದ್ದುಣ್ಣೋ ಮಹಾರಾಯ.

ಆಗ ಬಂದದ್ದು ತುಕ್ಕಾನಟ್ಟಿಯ ಹುಡುಗಿಯ ಮದುವೆ. ದಡ್ಡಿ ಎಂಬ ಊರಿನ ಮನೆತನಕ್ಕೆ ಕೊಟ್ಟಿದ್ದರು. ಅಕ್ಷತೆಯ ಅಕ್ಕಿಕಾಳು ಬಿದ್ದದ್ದು ಮೂಡಲಗಿಯ ಕಲ್ಯಾಣ ಮಂಟಪದಲ್ಲಿ. ಹುಡುಗಿಗೆ ತಂದೆ ಇಲ್ಲ, ಆ ಜಾಗದಲ್ಲಿ ಅಪ್ಪನ ತಮ್ಮ ಕಾಕಾ ನಿಂತಿದ್ದರು. ಗಂಡ ಸತ್ತವಳು ಅಕ್ಕಿಕಾಳು ಬೀಳುವ ಹೊತ್ತಿಗೆ ಎದುರಿಗೆ ಇರಬಾರದು ಎಂಬ ರೂಢಿಯಂತೆ ತಾಯಿ ಊಟದ ಹಾಲ್ ಕಡೆ ಸರಿದಿದ್ದರು. ಬಸವಣ್ಣನ ಫೋಟೋ ವೇದಿಕೆಯ ಮೇಲೇ ಇತ್ತು. ನಮ್ಮ ಜನ ಅವನಿಗೆ ಹಾರ ಹಾಕುತ್ತಾರೆ, ಅವನ ಮಾತಿಗೆ ಕಿವಿಗೊಡುವುದಿಲ್ಲ.

ನನ್ನ ಎರಡನೆಯ ಕ್ಯಾಮೆರಾ ಊಟದ ಹಾಲ್‌ನ ಬಾಗಿಲಲ್ಲಿತ್ತು. ಅದರಲ್ಲಿ ಒಂದು ತುಣುಕು ಸಿಕ್ಕಿತು. ಎಲ್ಲರೂ ಅಕ್ಕಿಕಾಳು ಹಾಕುವಾಗ ತಾಯಿ ಕಂಬದ ಮರೆಯಿಂದ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಾಳನ್ನು ಮಗಳ ದಿಕ್ಕಿಗೆ ಎಸೆಯುತ್ತಾರೆ. ಅವು ವೇದಿಕೆ ಮುಟ್ಟುವುದಿಲ್ಲ, ಹಿಂದಿನ ಸಾಲಿನ ಕುರ್ಚಿಗಳ ಮೇಲೆ ಬೀಳುತ್ತವೆ. ನಾನು ಅದನ್ನು ಬಳಸಲಿಲ್ಲ. ಊರ ಉಸಾಬರಿ ನನಗೇಕೆ. ಹಳೆಯ ಕಂಪ್ಯೂಟರಿನಲ್ಲಾಗಿದ್ದರೆ ಅದು ಅಲ್ಲೇ ಅಳಿಸಿಹೋಗುತ್ತಿತ್ತು. ಈಗ ಬಳಸದೆ ಬಿಟ್ಟ ತುಣುಕುಗಳೂ ಲಿಂಕ್ ಇದ್ದವರಿಗೆಲ್ಲ ಕಾಣುತ್ತವೆ. ಲಿಂಕನ್ನು ನಾನು ಮಗಳಿಗೂ ಕಾಕಾರಿಗೂ ಕಳಿಸಿದ್ದೆ.

ದಡ್ಡಿಯಲ್ಲಿ ಕೂತು ಮಗಳು ಅದನ್ನು ಕಂಡಳು, ಎತ್ತಿ ಅಕ್ಕಿಕಾಳಿನ ದೃಶ್ಯದ ನಡುವೆ ಸೇರಿಸಿದಳು. ಮರುದಿನ ಕಾಕಾ ತೆಗೆದರು. ಅವಳು ಮತ್ತೆ ಸೇರಿಸಿದಳು. ಕಾಕಾ ಮತ್ತೆ ತೆಗೆದು ನನಗೆ ಫೋನ್ ಮಾಡಿದರು. ಬೀಗರ ಮನೆಯಲ್ಲಿ ಹತ್ತು ಮಂದಿ ಕೂತು ವಿಡಿಯೋ ನೋಡುವಾಗ ಇದು ಬಂದರೆ ಹುಡುಗಿಯನ್ನೇ ಆಡಿಕೊಳ್ಳುತ್ತಾರೆ, ನಾಳೆ ಏನೇ ಕೆಟ್ಟರೂ ಇದರ ಮೇಲೇ ಹಾಕುತ್ತಾರೆ ಎಂದರು. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಅನ್ನುತ್ತಾರೆ. ನನಗೆ ಸಿಕ್ಕಿದ್ದು ತಲೆನೋವು ಮಾತ್ರ.

ಕೊನೆಗೆ ತಾಯಿಯೇ ಬಸ್ಸು ಹತ್ತಿ ಗೋಕಾಕಕ್ಕೆ ಬಂದರು. ನನ್ನ ಕುರ್ಚಿಯನ್ನೇ ಅವರಿಗೆ ಕೊಟ್ಟು ನಿಂತುಕೊಂಡೆ. ತುಣುಕನ್ನು ತೋರಿಸಿ ಎಂದು ಅವರು ಕೇಳಲಿಲ್ಲ.

"ಅದನ್ನ ತಗದ ಬಿಡ್ರಿ, ಅಣ್ಣಾರ," ಎಂದರು. "ಅಕಿ ಆ ಮನ್ಯಾಗ ಬಾಳೇ ಮಾಡಬೇಕು. ನನ್ನ ಸಲುವಾಗಿ ಅಕಿಗೆ ಒಂದ ಮಾತ ಬರೂದ ಬ್ಯಾಡ."

ನನಗೆ ಸಂಕಟವಾಯಿತು. ಆದರೂ ಬುದ್ಧಿ ಹೇಳಲು ನಾನ್ಯಾರು ಎಂದುಕೊಂಡು ಅವರ ಮದುವೆಯ ಫೈಲು ತೆರೆದೆ. ತುಣುಕು ಮತ್ತೆ ಸೇರಿತ್ತು. ಬೇರೆ ಯಾರಾದರೂ ಅದೇ ಹೊತ್ತಿಗೆ ತೆರೆದು ನೋಡುತ್ತಿದ್ದರೆ, ಅವರು ನೋಡುತ್ತಿರುವ ಜಾಗದ ಮೇಲೆಯೇ ಅವರ ಹೆಸರು ಕಾಣುತ್ತದೆ. ಆ ತುಣುಕಿನ ಮೇಲೆ ಮಗಳ ಹೆಸರು ಹಸಿರು ಪಟ್ಟಿಯಲ್ಲಿತ್ತು. ಅದು ನಿಧಾನವಾಗಿ ಕೊನೆಯವರೆಗೆ ಸರಿದು, ಹಿಂದಕ್ಕೆ ಬಂದು, ಮತ್ತೆ ಸರಿಯತೊಡಗಿತು.

ಮಗಳ ಹೆಸರು ಯಾಕೆ ಅಲ್ಲಿ ಓಡಾಡುತ್ತಿದೆ ಎಂದು ತಾಯಿ ಕೇಳಿದರು.

"ಈಗ ಅದನ್ನ ನೋಡಾಕತ್ತಾರ್ರಿ," ಎಂದೆ. "ದಡ್ಡಿಯೊಳಗ ಕುಂತು."

ಅವರು ಪರದೆಯ ಹತ್ತಿರ ಬಾಗಿದರು. ಕಂಬದ ಮರೆಯ ತಮ್ಮನ್ನು ನೋಡಲಿಲ್ಲ, ಆ ಹೆಸರನ್ನೇ ನೋಡಿದರು. ನನ್ನ ಬೆರಳು ಅಳಿಸುವ ಕೀಲಿಯ ಮೇಲಿತ್ತು. ಅವರು ಕೈ ಅಡ್ಡ ಹಿಡಿದರು.

"ತಡೀರಿ," ಎಂದರು. "ಅಕಿ ನೋಡೂದು ಮುಗೀಲಿ."

ಹೆಸರು ಮತ್ತೆ ಮೊದಲಿಗೆ ಹೋಯಿತು. ನಾನು ಕೈ ತೆಗೆದೆ.